ಬುತ್ತಿ ಹುಡುಗನ ಪುರಾಣ ಮಂಗಲ

ಡೊಂಬಿವಲಿ ಪೂರ್ವದ ವಸಂತಕುಮಾರರನ್ನು ಕೆಟ್ಟವರೆಂದು ಹೇಳುವವರು ಯಾರೂ ಸಿಗಲಾರರು. ಅವರು ಕುಡಿಯುವವರಲ್ಲ, ಇಸ್ಪೀಟು ಮುಟ್ಟುವವರಲ್ಲ. ಭಿವಂಡಿಯ ಗೋದಾಮೊಂದರಲ್ಲಿ ಇಪ್ಪತ್ತಾರು ವರ್ಷಗಳಿಂದ ಸರಕು ರವಾನೆಯ ಉಸ್ತುವಾರಿ ನೋಡಿಕೊಂಡಿದ್ದರೂ ಅಲ್ಲಿಂದ ಒಂದು ಗೇಣು ಸುತಳಿಯನ್ನೂ ಮನೆಗೆ ತಂದವರಲ್ಲ. ಅವರಿಗಿದ್ದ ತೊಂದರೆ ಒಂದೇ. ಯಾರು ಏನು ಕೇಳಿದರೂ "ಗೊತ್ತಿಲ್ಲ" ಎನ್ನಲು ಅವರ ನಾಲಗೆ ಒಪ್ಪುತ್ತಿರಲಿಲ್ಲ. ಒಮ್ಮೆ ಮಾಜಿವಾಡಾ ಸಿಗ್ನಲಿನಲ್ಲಿ ತಾವೇ ದಾರಿ ತಪ್ಪಿ ನಿಂತಿದ್ದಾಗ ಒಬ್ಬ ಟೆಂಪೊದವನು ನಾಶಿಕದ ರಸ್ತೆ ಯಾವುದೆಂದು ಕೇಳಿದ. ವಸಂತಕುಮಾರರು ಮೂರು ತಿರುವು, ಒಂದು ಸೇತುವೆ, ಒಂದು ಪೆಟ್ರೋಲ್ ಪಂಪು ಸಮೇತ ದಾರಿ ಹೇಳಿ ಕಳಿಸಿದರು. ಆ ಟೆಂಪೊ ಎಲ್ಲಿಗೆ ತಲುಪಿತೋ ಇವತ್ತಿಗೂ ತಿಳಿಯದು.

ಇದಕ್ಕೆ ಅವರೊಬ್ಬರನ್ನೇ ದೂರುವುದೂ ನ್ಯಾಯವಲ್ಲ. ಅರ್ಧ ತಪ್ಪು ಶನಿವಾರದ ಪಾರಾಯಣದ್ದು. ಡೊಂಬಿವಲಿಯಲ್ಲಿರುವ ಕರಾವಳಿಯವರೆಲ್ಲ ಸೇರಿ ನಡೆಸುವ ಪೂಜಾ ಸಮಿತಿಯಲ್ಲಿ ಪ್ರತಿ ಶನಿವಾರ ಸಂಜೆ ತಾರಾನಾಥರು ಗ್ರಂಥದ ಪದ್ಯ ಹಾಡುತ್ತಿದ್ದರು, ವಸಂತಕುಮಾರರು ಅರ್ಥ ಹೇಳುತ್ತಿದ್ದರು. ನಾಲ್ಕು ಸಾಲಿನ ಪದ್ಯಕ್ಕೆ ನಲವತ್ತು ನಿಮಿಷದ ಅರ್ಥ. ಪದ್ಯದಲ್ಲಿ ಇದ್ದದ್ದು, ಇಲ್ಲದ್ದು, ಇದ್ದಿದ್ದರೆ ಚೆನ್ನಾಗಿತ್ತು ಎಂಬಂಥದ್ದು ಎಲ್ಲವೂ ಅದರಲ್ಲಿ ಬರುತ್ತಿತ್ತು. ಕೇಳುವವರು ತಲೆದೂಗುತ್ತಿದ್ದರೇ ಹೊರತು ಪುಸ್ತಕ ತೆರೆದು ನೋಡಿದವರು ಒಬ್ಬರೂ ಇಲ್ಲ. ಇಪ್ಪತ್ತೆರಡು ವರ್ಷ ಯಾರೂ ಅಡ್ಡಪ್ರಶ್ನೆ ಹಾಕದಿದ್ದರೆ ಎಂಥ ಮನುಷ್ಯನೂ ಹಾಳಾಗುತ್ತಾನೆ. ಜೊತೆಗೆ ಅವರದೊಂದು ಕಟ್ಟಪ್ಪಣೆಯೂ ಇತ್ತು. ಮಂಗಳ ಹಾಡುವ ಮೊದಲು ಯಾರೂ ಏಳಬಾರದು. ಕಥೆಯಲ್ಲಿ ರಾಜ್ಯ ಕಳೆದುಕೊಂಡವನಿಗೆ ರಾಜ್ಯ ಸಿಗುವ ಮೊದಲೇ ಎದ್ದು ಹೋದವನ ಮನೆ ಉದ್ಧಾರವಾಗದು. ಲೋಕಲ್ ರೈಲು ತಪ್ಪುತ್ತದೆಂದು ಮೆಲ್ಲನೆ ಚಪ್ಪಲಿ ಹುಡುಕುತ್ತಿದ್ದ ಎಷ್ಟೋ ಜನ ಈ ಮಾತಿಗೆ ಹೆದರಿ ಮತ್ತೆ ಕೂತದ್ದುಂಟು.

ಅವರ ಮಗ ಸಮಿತ್‌ಗೆ ವಾಶಿಯಲ್ಲಿ ನೌಕರಿ. ಅದೇ ಕಚೇರಿಯಲ್ಲಿ ಕೆಲಸ ಮಾಡುವ ಸ್ನೇಹಲ್ ಎಂಬ ಹುಡುಗಿಯನ್ನು ಅವನು ಮೆಚ್ಚಿದ. ಹುಡುಗಿಯ ತಂದೆ ಗುರುಪಾದಪ್ಪ ಬಾಗಲಕೋಟೆ ಕಡೆಯವರು, ವಾಶಿ ಮಾರುಕಟ್ಟೆಯಲ್ಲಿ ಒಣಮೆಣಸಿನಕಾಯಿಯ ಸಗಟು ವ್ಯಾಪಾರಿ, ಮನೆ ಕಲ್ಯಾಣದಲ್ಲಿ. ಮಕ್ಕಳಿಬ್ಬರನ್ನೂ ಹತ್ತಿರ ತಂದದ್ದು ಜಪಾನಿನ ಅನಿಮೆ. ಅದನ್ನು ಕಾರ್ಟೂನು ಎನ್ನಬಾರದು. ಅಂದರೆ ಸಮಿತ್ ಎರಡು ದಿನ ಮಾತು ಬಿಡುತ್ತಿದ್ದ. ಊಟದ ವೇಳೆಯಲ್ಲಿ ಒಂದೇ ಮೊಬೈಲಿನಲ್ಲಿ ಅನಿಮೆ ನೋಡಿ, ಅದರ ಮೇಲೆ ಜಗಳವಾಡಿ, ಜಗಳ ಮುಗಿಯದೆ ಇಬ್ಬರೂ ಮದುವೆಯಾಗುವುದೆಂದು ನಿಶ್ಚಯಿಸಿಕೊಂಡರು. ಸಮಿತ್‌ನ ತಾಯಿ ಉಮಾವತಿಗೆ, ಹುಡುಗಿ ತುಳು ಬಾರದವಳಾದರೂ ಕನ್ನಡ ಬಲ್ಲವಳಲ್ಲವೇ ಎಂಬ ಸಮಾಧಾನವಿತ್ತು. ಹುಡುಗಿ ಮಾತಾಡುತ್ತಿದ್ದದ್ದು ಹಿಂದಿ ಎನ್ನುವುದು ಬೇರೆ ವಿಷಯ, ತಮ್ಮ ಮಗನೂ ಅಷ್ಟೇ.

ಕಲ್ಯಾಣದ ಮನೆಗೆ ಮೊದಲ ಸಲ ಹೊರಟ ದಿನ ಸಮಿತ್ ತಂದೆಗೆ ಒಂದೇ ಮಾತು ಹೇಳಿದ್ದ: "ಪಪ್ಪಾ, ಪ್ಲೀಸ್, ಕಮ್ ಬೋಲನಾ." ಕಡಿಮೆ ಮಾತಾಡಲು ಕಾರಣವಿತ್ತು. ಗುರುಪಾದಪ್ಪನವರ ಅಕ್ಕ ಗುರಮ್ಮ ಸೊಲ್ಲಾಪುರದಿಂದ ಬಂದು ಅಲ್ಲೇ ಉಳಿದಿದ್ದರು. ಸ್ನೇಹಲ್‌ಗೆ ತಮ್ಮ ಮೈದುನನ ಮಗನನ್ನು ತರಬೇಕೆಂದು ಅವರು ಮನಸ್ಸಿನಲ್ಲೇ ಅಕ್ಷತೆ ಹಾಕಿ ಆಗಿತ್ತು. ಡೊಂಬಿವಲಿಯವರಲ್ಲಿ ಒಂದು ಕೊಂಕು ಸಿಕ್ಕರೆ ಸಾಕು ಎಂದು ಅವರು ಕಾಯುತ್ತಿದ್ದರು.

ಮನೆಯೊಳಗೆ ಹೋದರೆ ಟಿವಿಯಲ್ಲಿ ಒಂದು ಚಿತ್ರ ನಿಂತಿತ್ತು. ಹಳದಿ ಕೂದಲಿನ ಹುಡುಗನೊಬ್ಬ ಬಟ್ಟೆಯಲ್ಲಿ ಸುತ್ತಿದ ಡಬ್ಬಿಯನ್ನು ಎದೆಗೆ ಅವಚಿಕೊಂಡಿದ್ದ. ಟಿವಿಯ ಮುಂದೆ ಊದುಬತ್ತಿ ಉರಿಯುತ್ತಿತ್ತು. ವಿಷಯವೇನೆಂದರೆ, ಹುಡುಗಿಯ ತಾಯಿ ಬಸವಣ್ಣೆವ್ವನವರಿಗೆ ಮೊಣಕಾಲಿನ ಆಪರೇಷನ್ ಆಗಿ ಹೊರಗೆ ಹೋಗುವಂತಿರಲಿಲ್ಲ. ಶ್ರಾವಣದ ಪುರಾಣ ತಪ್ಪಿತೆಂದು ಅವರು ದಿನಾ ಕಣ್ಣೀರು ಹಾಕುತ್ತಿದ್ದರು. ಬೇಸರ ಕಳೆಯಲೆಂದು ಮಗಳು ಹಿಂದಿಯಲ್ಲಿ ಬರುವ ಈ ಅನಿಮೆ ಹಾಕಿಕೊಟ್ಟಳು. ಒಟ್ಟು ಎಂಬತ್ತಾರು ಕಂತು. ದೂರದ ದ್ವೀಪಕ್ಕೆ ಮದುವೆಯಾಗಿ ಹೋದ ಅಕ್ಕನಿಗೆ ಅವ್ವ ಕಟ್ಟಿಕೊಟ್ಟ ಬುತ್ತಿಯನ್ನು ಮುಟ್ಟಿಸಲು ಹುಡುಗ ಏಳು ದ್ವೀಪ ದಾಟುವ ಕಥೆ ಅದು. ಹೆಸರು ಜಪಾನಿಯಲ್ಲಿ ಉದ್ದಕ್ಕಿತ್ತು. ಬಸವಣ್ಣೆವ್ವ ಅದನ್ನು ಬುತ್ತಿ ಹುಡುಗನ ಪುರಾಣ ಎಂದರು. ಪುರಾಣವೆಂದ ಮೇಲೆ ನೇಮ ಬೇಡವೇ? ದಿನಕ್ಕೆ ಒಂದೇ ಅಧ್ಯಾಯ. ದೀಪ ಹಚ್ಚಿ, ಕಾಲು ತೊಳೆದುಕೊಂಡೇ ಕೂರುವುದು. ಅವತ್ತಿಗೆ ಐವತ್ತೆರಡನೆಯ ದಿನವಾಗಿತ್ತು.

ಅವಲಕ್ಕಿ, ಚಹಾ ಆಯಿತು. ಎರಡೂ ಕಡೆಯವರು ಮಳೆ, ಸೆಕೆ, ಲೋಕಲಿನ ನೂಕುನುಗ್ಗಲು ಎಲ್ಲ ಮಾತಾಡಿ ಮುಗಿಸಿದರು. ಬಸವಣ್ಣೆವ್ವ ಮರ್ಯಾದೆಗೆ ಬೀಗರಾಗುವವರನ್ನು ಮಾತಿಗೆಳೆದು, ಇದನ್ನು ನೀವು ನೋಡಿದ್ದೀರಾ ಎಂದು ಕೇಳಿದರು. ಇಲ್ಲ ಎಂದು ಬಿಟ್ಟಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ.

"ನೋಡದೆ ಉಂಟಾ? ಪೂರ್ತಿ ನೋಡಿದ್ದೇನೆ. ಎರಡು ಸಲ," ಎಂದರು ವಸಂತಕುಮಾರರು.

ಸಮಿತ್‌ನ ಕೈಯಲ್ಲಿದ್ದ ಬಿಸ್ಕತ್ತು ಚಹಾದೊಳಗೆ ಮುರಿದು ಬಿತ್ತು. ಬಸವಣ್ಣೆವ್ವ ನೋಯುವ ಕಾಲನ್ನೂ ಮರೆತು ಮುಂದಕ್ಕೆ ಸರಿದರು. ಅವರಿಗೆ ಬೇಕಾಗಿದ್ದದ್ದು ಒಂದೇ ವಿಷಯ. ಮಗಳನ್ನು ಕೇಳಿದರೆ ಅವಳು ನೋಡು ಗೊತ್ತಾಗುತ್ತದೆ ಎಂದು ಜಾರಿಕೊಳ್ಳುತ್ತಿದ್ದಳು.

"ಕಡೀಗೆ ಬುತ್ತಿ ಮುಟ್ಟತೈತೇನ್ರಿ? ನಾಳೆ ನಾನೂ ಮಗಳನ್ನ ಕೊಟ್ಟು ಕಳಸಾಕಿ. ಅದಕ್ಕ ಕೇಳತೀನಿ."

ವಸಂತಕುಮಾರರು ಗಂಟಲು ಸರಿಪಡಿಸಿಕೊಂಡರು. ಉಮಾವತಿಗೆ ಆ ಸದ್ದಿನ ಪರಿಚಯ ಮೂವತ್ತೊಂದು ವರ್ಷದ್ದು. ಅವರು ಕಣ್ಣು ಮುಚ್ಚಿಕೊಂಡರು. ಮುಂದಿನ ಅರ್ಧ ಗಂಟೆಯಲ್ಲಿ ಹುಡುಗ ಏಳನೆಯ ದ್ವೀಪ ತಲುಪಿದ. ಅಕ್ಕ ಬಾಗಿಲು ತೆರೆದು ಅವನ ಕಾಲು ತೊಳೆದಳು. ಬುತ್ತಿ ಬಿಚ್ಚಿದರೆ ಅನ್ನ ಇನ್ನೂ ಬಿಸಿಯಾಗಿತ್ತು. ಅಕ್ಕ ಒಂದು ತುತ್ತು ತಾನು ಉಂಡು ಒಂದು ತುತ್ತು ತಮ್ಮನಿಗೆ ಉಣ್ಣಿಸಿದಳು. ಆ ದ್ವೀಪದ ರಾಜನಿಗೆ ಮಕ್ಕಳಿಲ್ಲದ್ದರಿಂದ ಹುಡುಗನಿಗೇ ಪಟ್ಟ ಕಟ್ಟಿದರು. ಕನ್ಯೆಯೊಬ್ಬಳು ಎಲ್ಲಿಂದಲೋ ಬಂದಳು, ಮದುವೆಯೂ ಆಯಿತು. ಬಸವಣ್ಣೆವ್ವ ಸೆರಗಿನಿಂದ ಕಣ್ಣೊರೆಸಿಕೊಂಡು, ಇಂಥ ರಸಿಕರ ಮನೆಗೆ ಮಗಳನ್ನು ಕೊಡಲು ಪುಣ್ಯ ಬೇಕು ಎಂದರು. ಗುರಮ್ಮನ ಮುಖ ಸಪ್ಪಗಾಯಿತು.

ವಾಪಸು ಬರುವಾಗ ಕಲ್ಯಾಣ ಸ್ಟೇಷನ್ನಿನ ಪ್ಲಾಟ್‌ಫಾರ್ಮಿನಲ್ಲಿ ಸಮಿತ್ ಸಿಡಿದ. ಆ ಅನಿಮೆಯ ಕೊನೆ ಇಡೀ ಜಗತ್ತಿಗೇ ಗೊತ್ತಿರುವಷ್ಟು ಕೆಟ್ಟದ್ದಾಗಿತ್ತು. ಅಕ್ಕ ಬಾಗಿಲು ತೆರೆಯುತ್ತಾಳೆ, "ಯಾರು ನೀನು?" ಎನ್ನುತ್ತಾಳೆ. ಅಷ್ಟರಲ್ಲಿ ಮರದ ಕೆಳಗೆ ಮಲಗಿದ್ದ ಒಂದು ನರಿ ಎಚ್ಚರಗೊಳ್ಳುತ್ತದೆ. ಎಲ್ಲವೂ ನರಿಯ ಕನಸು. ಮುಗಿಯಿತು. ಸ್ನೇಹಲ್ ತಾಯಿಯ ಮೊಣಕಾಲು ಗುಣವಾಗುವವರೆಗೆ ಹೇಳಬಾರದೆಂದು ಈ ಸುದ್ದಿಯನ್ನು ಹೊಟ್ಟೆಯಲ್ಲಿಟ್ಟುಕೊಂಡಿದ್ದಳು.

ವಸಂತಕುಮಾರರು ಯಾವ ನರಿ ಎಂದು ಕೇಳಿದರು. ಸಮಿತ್, ಅದೇ ತಾನೇ ಗೋಳು, ಹಿಂದಿನ ಎಂಬತ್ತೈದು ಕಂತಿನಲ್ಲಿ ನರಿಯೇ ಇಲ್ಲ ಎಂದ. ಕಥೆ ಬರೆದವನಿಗೆ ತಲೆ ನೆಟ್ಟಗಿಲ್ಲ ಎಂದು ವಸಂತಕುಮಾರರು ತೀರ್ಪು ಕೊಟ್ಟರು. ಉಮಾವತಿ ಆಗ ತುಳುವಿಗೆ ಹೊರಳಿದರು. ಬೀಗರ ಮನೆಯಲ್ಲಿ ಎರಡು ಗಂಟೆ ತಡೆದಿಟ್ಟದ್ದೆಲ್ಲ ಡೊಂಬಿವಲಿ ಬರುವವರೆಗೆ ಒಂದೇ ಉಸಿರಿಗೆ ಬಂತು. ಪಕ್ಕದಲ್ಲಿ ಕೂತ ಗುಜರಾತಿ ಮುದುಕ ಭಾಷೆ ತಿಳಿಯದಿದ್ದರೂ ವಸಂತಕುಮಾರರನ್ನು ಕನಿಕರದಿಂದ ನೋಡಿ ಕಿಟಕಿ ಪಕ್ಕದ ಜಾಗ ಬಿಟ್ಟುಕೊಟ್ಟ.

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಆದರೆ ಇಲ್ಲಿ ಮಾತು ಹೋಗಲಿಲ್ಲ, ಕಲ್ಯಾಣದಲ್ಲೇ ಉಳಿದು ಬೆಳೆಯತೊಡಗಿತು. ಬಸವಣ್ಣೆವ್ವ ಅದನ್ನು ಕಟ್ಟಡದ ಹೆಂಗಸರಿಗೆಲ್ಲ ಹೇಳಿದರು. ಮರಾಠಿಯವರೂ ಸಂಜೆ ಬಂದು ಕೂರತೊಡಗಿದರು. ಮೇಲಿನ ಮಹಡಿಯ ಯಂಕಪ್ಪ ಗಣೇಶೋತ್ಸವದ ದೊಡ್ಡ ಸ್ಪೀಕರನ್ನು ತಂದು ಟಿವಿಗೆ ಜೋಡಿಸಿದ. ಎಪ್ಪತ್ತನೆಯ ದಿನಕ್ಕೆ ಬಸವಣ್ಣೆವ್ವ ಘೋಷಿಸಿದರು: ಎಂಬತ್ತಾರನೆಯ ದಿನ ಭಾನುವಾರ ಬರುತ್ತದೆ, ಊರಿನ ಮಠದಲ್ಲಿ ಮಾಡುವ ಹಾಗೆಯೇ ಪುರಾಣ ಮಂಗಲ ಮಾಡುವುದು, ನಲವತ್ತು ಜನಕ್ಕೆ ಹೋಳಿಗೆ ಊಟ. ಬುತ್ತಿ ಮುಟ್ಟಿದ ಶುಭಗಳಿಗೆಯಲ್ಲೇ ಮಕ್ಕಳ ನಿಶ್ಚಿತಾರ್ಥದ ತಾರೀಖು ಇಡುವುದು. ಮಂಗಲಕ್ಕೆ ಮೊದಲು ಡೊಂಬಿವಲಿಯ ಬೀಗರು ಎರಡು ಮಾತು ಅರ್ಥ ಹೇಳಬೇಕು.

ಸುದ್ದಿ ತಿಳಿದು ವಸಂತಕುಮಾರರಿಗೆ ಊಟ ಸೇರದಾಯಿತು. ಹುಡುಗಿ ಕೈತಪ್ಪಿದರೆ ಮಗ ಜನ್ಮದಲ್ಲಿ ತನ್ನ ಮುಖ ನೋಡುವುದಿಲ್ಲ ಎಂಬುದು ಅವರಿಗೆ ಚೆನ್ನಾಗಿ ಅರ್ಥವಾಗಿತ್ತು. ಸಮಿತ್ ಅದನ್ನು ಮೂರು ಭಾಷೆಯಲ್ಲಿ ಹೇಳಿದ್ದ. ಅವರು ತಾರಾನಾಥರ ಸಲಹೆ ಕೇಳಿದರು. ಪದ್ಯ ಹಾಡುವ ತಾರಾನಾಥರ ಪ್ರಕಾರ ಕಥೆಯ ಕೊನೆ ಕೆಟ್ಟರೆ ಮಾಡುವುದೇನಿಲ್ಲ, ಮಂಗಳವನ್ನು ಸ್ವಲ್ಪ ಜೋರಾಗಿ ಹಾಡಬೇಕು. ಅವರ ಅನುಭವದಲ್ಲಿ ಜಾಗಟೆ ಗಟ್ಟಿಯಾದಷ್ಟೂ ಜನರ ದೂರು ಕಡಿಮೆ. ಇದರಿಂದ ಧೈರ್ಯ ಬಾರದೆ ವಸಂತಕುಮಾರರು ಕಲ್ಯಾಣಕ್ಕೆ ಫೋನು ಮಾಡಿದರು. ಎಂಬತ್ತೈದನೆಯ ಅಧ್ಯಾಯದಲ್ಲಿ ಹುಡುಗ ಅಕ್ಕನ ದ್ವೀಪದ ದಡ ಮುಟ್ಟುತ್ತಾನೆ, ಭಾವಪೂರ್ಣವಾಗಿದೆ, ಅಲ್ಲಿಗೇ ಮಂಗಲ ಮಾಡಿದರೆ ಹೇಗೆ ಎಂದು ವಿನಯದಿಂದ ಸೂಚಿಸಿದರು. ಬಸವಣ್ಣೆವ್ವ ಆ ಕಡೆಯಿಂದ ನಕ್ಕರು. ಮಂಗಳವಾಗದೆ ಎದ್ದವನ ಮನೆ ಉದ್ಧಾರವಾಗದೆಂದು ನೀವೇ ಪ್ರತಿ ಶನಿವಾರ ಹೇಳುತ್ತೀರಂತೆ, ನಿಮ್ಮ ಮಗ ನಮ್ಮ ಸ್ನೇಹಲ್‌ಗೆ ಹೇಳಿದ್ದಾನೆ, ನಮ್ಮನ್ನು ಪರೀಕ್ಷೆ ಮಾಡುತ್ತೀರಾ ಎಂದರು.

ಭಾನುವಾರ ಬಂತು. ಟಿವಿಗೆ ಚೆಂಡುಹೂವಿನ ಮಾಲೆ ಬಿದ್ದಿತ್ತು. ಮುಂದೆ ಐದು ತೆಂಗಿನಕಾಯಿ, ಎಲೆ ಅಡಿಕೆ, ಆರತಿ ತಟ್ಟೆ. ಹಜಾರ ತುಂಬಿ, ಜನ ಹೊರಗಿನ ಪ್ಯಾಸೇಜಿನಲ್ಲೂ ಕುರ್ಚಿ ಹಾಕಿಕೊಂಡಿದ್ದರು. ಸೊಸೈಟಿಯ ಸೆಕ್ರೆಟರಿ ಎರಡು ಸಲ ಬಂದು, ಪ್ಯಾಸೇಜಿನಲ್ಲಿ ಕುರ್ಚಿ ಇಡುವುದು ನಿಯಮಕ್ಕೆ ವಿರುದ್ಧವೆಂದು ಮರಾಠಿಯಲ್ಲಿ ಗದರಿಸಿ, ಮೂರನೆಯ ಸಲ ತಾವೂ ಒಂದು ಕುರ್ಚಿ ಎಳೆದುಕೊಂಡು ಕೂತರು. ಮುಂದಿನ ಸಾಲಿನಲ್ಲಿ ಗುರಮ್ಮ ಕೈಕಟ್ಟಿ ಕೂತಿದ್ದರು. ಸ್ನೇಹಲ್ ಮತ್ತು ಸಮಿತ್ ಅಡುಗೆಮನೆಯ ಬಾಗಿಲಲ್ಲಿ, ಪರೀಕ್ಷೆಯ ಫಲಿತಾಂಶ ಮೊದಲೇ ಗೊತ್ತಿರುವವರಂತೆ ನಿಂತಿದ್ದರು.

ವಸಂತಕುಮಾರರು ಎರಡು ಮಾತು ಹೇಳಲು ಐದು ಗಂಟೆಗೆ ಎದ್ದರು. ಐದೂಮುಕ್ಕಾಲಿಗೆ ಅವರು ಇನ್ನೂ ಮೊದಲನೆಯ ದ್ವೀಪದಲ್ಲೇ ಇದ್ದರು. ಅವರ ಲೆಕ್ಕಾಚಾರ ಸರಳವಾಗಿತ್ತು. ಕಲ್ಯಾಣದಲ್ಲಿ ಆಗೊಮ್ಮೆ ಈಗೊಮ್ಮೆ ಕರೆಂಟು ಹೋಗುತ್ತದೆ, ಹೋಗುವವರೆಗೆ ಮಾತಾಡಿದರಾಯಿತು. ಅನ್ನದ ಮಹಿಮೆ ಹೇಳಿದರು, ಅಕ್ಕ ತಮ್ಮಂದಿರ ಬಾಂಧವ್ಯ ಹೇಳಿದರು, ಸಮುದ್ರ ಯಾಕೆ ಉಪ್ಪು ಎಂಬುದನ್ನೂ ಹೇಳಿದರು. ಕನ್ನಡ ತಿಳಿಯದ ಮರಾಠಿ ಹೆಂಗಸರು ಮೊದಲ ಅರ್ಧ ಗಂಟೆ ಭಕ್ತಿಯಿಂದ ಕೈಮುಗಿದು ಕೂತಿದ್ದು, ಆಮೇಲೆ ಊಟ ಯಾವಾಗ ಎಂದು ಒಬ್ಬರನ್ನೊಬ್ಬರು ಕೇಳತೊಡಗಿದರು. ಆರೂಕಾಲಾದರೂ ಫ್ಯಾನು ತಿರುಗುತ್ತಲೇ ಇತ್ತು. ಇಂಥ ಹೊತ್ತಿನಲ್ಲಿ ಕರೆಂಟಿಗೂ ನಿಯತ್ತು ಬಂದುಬಿಡುತ್ತದೆ. ಕೊನೆಗೆ ಗುರುಪಾದಪ್ಪನವರೇ ಎದ್ದು, "ಬೀಗರ, ಹೋಳಿಗಿ ಆರಾಕ ಹತ್ಯಾವು," ಎಂದರು.

ಯಂಕಪ್ಪ ಗುಂಡಿ ಒತ್ತಿದ. ಮೊದಲ ಹದಿನೆಂಟು ನಿಮಿಷ ಎಲ್ಲವೂ ದಿವ್ಯವಾಗಿತ್ತು. ಹುಡುಗ ಕೊನೆಯ ಗುಡ್ಡ ಹತ್ತಿದ. ಕಾಲಿನಿಂದ ರಕ್ತ ಸುರಿಯುತ್ತಿತ್ತು, ಡಬ್ಬಿ ಮಾತ್ರ ಎದೆಯ ಮೇಲಿತ್ತು. ಹಿಂದಿನ ಸಾಲಿನಲ್ಲಿ ಮೂಗು ಸೀನುವ ಸದ್ದಾಯಿತು. ಸೆಕ್ರೆಟರಿ ಕನ್ನಡಕ ತೆಗೆದು ಒರೆಸಿಕೊಂಡರು. ಬಸವಣ್ಣೆವ್ವ ಆರತಿ ತಟ್ಟೆ ಎತ್ತಿಕೊಂಡು, ಗಂಡನ ಭುಜ ಹಿಡಿದು ಎದ್ದು ನಿಂತರು. ಬಾಗಿಲು ತೆರೆಯಿತು. ಅಕ್ಕ ಹೊರಗೆ ಬಂದಳು. "ಕೌನ್ ಹೋ ತುಮ್?" ಎಂದಳು. ಆಮೇಲೆ ನರಿ ಎಚ್ಚರವಾಯಿತು. ಅದು ಆಕಳಿಸಿ, ಕಿವಿ ಕೆರೆದುಕೊಂಡು, ಪೊದೆಯ ಹಿಂದೆ ಹೋಯಿತು. ಜಪಾನಿ ಅಕ್ಷರಗಳು ಮೇಲಕ್ಕೆ ಹತ್ತತೊಡಗಿದವು.

ಚಾನೆಲ್ಲು ಬದಲಾಯಿತೆಂದು ಯಂಕಪ್ಪ ಎದ್ದು ಟಿವಿಯ ತಲೆಗೆ ಎರಡು ಬಾರಿಸಿದ. ಒಬ್ಬ ಮರಾಠಿ ಅಜ್ಜಿ ಪಕ್ಕದವಳನ್ನು, ನರಿಯದು ಯಾವ ಸೋಪಿನ ಜಾಹೀರಾತು ಎಂದು ಕೇಳಿದಳು. ಬಸವಣ್ಣೆವ್ವ ಹೆಸರುಗಳೆಲ್ಲ ಹತ್ತಿ ಮುಗಿಯುವವರೆಗೆ ಆರತಿ ಹಿಡಿದು ಕಾದರು, ಆಮೇಲೆ ತಟ್ಟೆ ಕೆಳಗಿಟ್ಟರು. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಎಂದು ಎಲ್ಲರೂ ಹೇಳುತ್ತಾರೆ. ಅದನ್ನು ನಲವತ್ತು ಜನ ಒಟ್ಟಿಗೆ ಅನುಭವಿಸುವುದು ಅಪರೂಪ. ಅವರೆಲ್ಲರ ತಲೆ ವಸಂತಕುಮಾರರ ಕಡೆ ತಿರುಗಿತು.

ಗುರಮ್ಮನಿಗೆ ಇಷ್ಟು ದಿನ ಹುಡುಕಿದ್ದು ಟಿವಿಯೊಳಗಿಂದಲೇ ಸಿಕ್ಕಿತ್ತು. ರಾಜ ಎಲ್ಲಿ, ಪಟ್ಟ ಎಲ್ಲಿ, ಬಿಸಿ ಅನ್ನ ಎಲ್ಲಿ ಎಂದು ಅವರು ಒಂದೊಂದಾಗಿ ಬೆರಳು ಮಡಿಸಿ ಕೇಳಿದರು. ಚಿತ್ರದ ಕಥೆಯ ಮೇಲೆ ಇಷ್ಟು ಸುಳ್ಳು ಹೇಳುವವರು ಮಗನ ನೌಕರಿ, ಮನೆ, ಕುಲ ಗೋತ್ರದ ಮೇಲೆ ಎಷ್ಟು ಹೇಳಿರಬೇಡ ಎಂದರು. ಗುರುಪಾದಪ್ಪ ಎದ್ದು ಟಿವಿಯ ಮುಂದಿನ ಎಲೆ ಅಡಿಕೆಯನ್ನು ಒಳಗೆ ತೆಗೆದಿಟ್ಟರು. ಅದು ಇನ್ನೂ ಕೆಟ್ಟದ್ದಾಗಿತ್ತು.

ವಸಂತಕುಮಾರರು ಗಂಟಲು ಸರಿಪಡಿಸಿಕೊಂಡರು. ನರಿ ಎಂದರೆ ಸಾಮಾನ್ಯ ನರಿ ಎಂದು ತಿಳಿಯಬಾರದು ಎಂದು ಆರಂಭಿಸಿದರು. ಜಗತ್ತೇ ದೇವರ ಕನಸು, ಹಾಗಾದರೆ ಕನಸು ಕಂಡ ನರಿ ಯಾರು, ಅದು ಕಿವಿ ಕೆರೆದದ್ದು ಯಾವ ತತ್ತ್ವ ಎಂದು ಅವರು ಐದು ನಿಮಿಷದಲ್ಲಿ ಎಂಥ ಎತ್ತರಕ್ಕೆ ಏರಿದರೆಂದರೆ ಯಂಕಪ್ಪ ಅರಿವಿಲ್ಲದೆ ಟಿವಿಗೆ ಕೈಮುಗಿದ. ಇನ್ನೈದು ನಿಮಿಷ ಸಿಕ್ಕಿದ್ದರೆ ಗೆದ್ದೇಬಿಡುತ್ತಿದ್ದರು. ಬಸವಣ್ಣೆವ್ವ ಕೈ ಎತ್ತಿ ತಡೆದರು.

"ಅದೆಲ್ಲ ಇರ್ಲಿ ಬೀಗರ. ಬುತ್ತಿ ಮುಟ್ಟಿತೋ ಇಲ್ಲೋ, ಅದಷ್ಟ ಹೇಳ್ರಿ."

ವಸಂತಕುಮಾರರು ಬಸವಣ್ಣೆವ್ವನವರ ಮುಖ ನೋಡಿದರು. ಆ ಹೆಂಗಸಿನ ಕಣ್ಣಲ್ಲಿ ನೀರಿತ್ತು. ಪಾರಾಯಣದ ಇಪ್ಪತ್ತೆರಡು ವರ್ಷದಲ್ಲಿ ಉತ್ತರ ನಿಜವಾಗಿಯೂ ಬೇಕಾಗಿದ್ದು ಅವರನ್ನು ಪ್ರಶ್ನೆ ಕೇಳಿದವರು ಒಬ್ಬರೂ ಇರಲಿಲ್ಲ.

"ನನಗೆ ಗೊತ್ತಿಲ್ಲ," ಎಂದರು. "ನಾನು ನೋಡ್ಲಿಲ್ಲ. ಒಂದೂ ನೋಡ್ಲಿಲ್ಲ."

ಉಮಾವತಿ ಗಂಡನ ಕಡೆ ತಿರುಗಿ ನೋಡಿದರು. ಮೂವತ್ತೊಂದು ವರ್ಷದ ಸಂಸಾರದಲ್ಲಿ ಆ ಪದ ಅವರ ಕಿವಿಗೆ ಬಿದ್ದದ್ದು ಅದೇ ಮೊದಲು. ಮೈಯಲ್ಲಿ ಹುಷಾರಿಲ್ಲವೇನೋ ಎಂದು ಅವರಿಗೆ ಗಾಬರಿಯಾಯಿತು.

ಆಮೇಲೆ ಆದದ್ದು ಸಂತೆ. ಗುರಮ್ಮ ಸೊಲ್ಲಾಪುರಕ್ಕೆ ಫೋನು ಹಚ್ಚಲು ಎದ್ದರು. ಸಮಿತ್‌ಗೆ ತಂದೆಯ ಮೇಲಿನ ಸಿಟ್ಟನ್ನು ತಂದೆಯ ಮೇಲೆ ತೀರಿಸಲಾಗದೆ ಅದು ಅನಿಮೆಯ ಮೇಲೆ ಹೋಯಿತು. ಇದನ್ನು ಮಾಡಿದವರನ್ನು ಜೈಲಿಗೆ ಹಾಕಬೇಕು, ಕೊನೆ ಕೆಟ್ಟ ಮೇಲೆ ಹಿಂದಿನ ಎಂಬತ್ತೈದೂ ವೇಸ್ಟ್, ಪೂರಾ ಟೈಮ್ ಬರಬಾದ್ ಎಂದ. ಸ್ನೇಹಲ್ ಯಾಕೆ ವೇಸ್ಟ್ ಎಂದು ತಿರುಗಿಬಿದ್ದಳು. ಮೂರನೆಯ ದ್ವೀಪದಲ್ಲಿ ನೀನು ಅತ್ತಿರಲಿಲ್ಲವೇ, ಆ ಕಣ್ಣೀರು ವಾಪಸು ತೆಗೆದುಕೊಳ್ಳುತ್ತೀಯಾ ಎಂದು ಕೇಳಿದಳು. ಹಜಾರ ಎರಡು ಹೋಳಾಯಿತು. ಗುರುಪಾದಪ್ಪ ಬಾಯಿಬಿಟ್ಟರು: ಚೀಲದ ತಳದಲ್ಲಿ ನಾಲ್ಕು ಮೆಣಸಿನಕಾಯಿ ಕೊಳೆತಿದ್ದರೆ ಗಿರಾಕಿ ಚೀಲವನ್ನೇ ವಾಪಸು ಕಳಿಸುತ್ತಾನೆ, ಆದ್ದರಿಂದ ಹುಡುಗ ಹೇಳಿದ್ದು ಸರಿ. ಯಂಕಪ್ಪ, ಹಾಗೆಂದು ಮೇಲಿನ ಕಾಯಿ ಖಾರ ಬಿಟ್ಟವೇನು ಎಂದ. ಸೆಕ್ರೆಟರಿ ಕುರ್ಚಿಗಳ ವಿಷಯವನ್ನೇ ಮರೆತು ಎದ್ದು ನಿಂತರು. ಅವರು ಹನ್ನೊಂದು ವರ್ಷ ಒಂದು ಮರಾಠಿ ಧಾರಾವಾಹಿ ನೋಡಿದ್ದರಂತೆ. ಕೊನೆಯ ದಿನ ಅದರ ನಾಯಕಿ ಸುಮ್ಮನೆ ದುಬೈಗೆ ಹೋಗಿಬಿಟ್ಟಳಂತೆ. "ಅಕರಾ ವರ್ಷ," ಎಂದು ಅವರು ಎಲ್ಲರಿಗೂ ಬೆರಳು ತೋರಿಸುತ್ತ ಬಂದರು. ಈ ದುಃಖ ಅವರ ಮನೆಯಲ್ಲಿ ಯಾರಿಗೂ ಅರ್ಥವಾಗಿರಲಿಲ್ಲ.

ಗದ್ದಲದ ನಡುವೆ ಸ್ನೇಹಲ್ ಸಮಿತ್‌ನ ಎದುರು ಬಂದು ನಿಂತು, ಹಿಂದಿ ಬಿಟ್ಟು ಕನ್ನಡದಲ್ಲಿ ಕೇಳಿದಳು. "ಹಂಗಾದ್ರ ಇವತ್ತು ನಿಮ್ಮಪ್ಪ ಸುಳ್ಳು ಹೇಳಿದ್ರು ಅಂತ, ನಮ್ಮ ಮೂರು ವರ್ಷಾನೂ ವೇಸ್ಟಾ?"

ಸಮಿತ್ ಅಷ್ಟೂ ಜನರ ಎದುರಿಗೇ ಇಲ್ಲವೆಂದು ತಲೆಯಾಡಿಸಿದ. ಗುರಮ್ಮ ಇನ್ನೂ ಫೋನಿನಲ್ಲಿ ಹಲೋ ಹಲೋ ಎನ್ನುತ್ತಿದ್ದರು. ಅವರ ಫೋನನ್ನು ಬಸವಣ್ಣೆವ್ವ ಕೈಯಿಂದ ತೆಗೆದು ಆರತಿ ತಟ್ಟೆಯಲ್ಲಿಟ್ಟರು.

"ಆ ಚಿತ್ರಾ ಬರದಾವನ ಕೈ ಕಡೀ ದಿನ ಕೆಟ್ಟೈತಿ," ಎಂದರು. "ಅವನ ಕೈ ಕೆಟ್ತಂತ ನಾ ಎಂಬತ್ತೈದು ದಿನ ಅತ್ತಿದ್ದು ಸುಳ್ಳ ಆಗ್ತೈತೇನು? ಈ ಕಾಲಿನ ನೋವು ಮರತದ್ದು ಸುಳ್ಳ ಆಗ್ತೈತೇನು? ಆದ್ರ ಬೀಗರದು ಹಂಗಲ್ಲ. ಬೀಗರದು ಎಂಡಿಂಗ್ ಕೆಟ್ಟಿಲ್ಲ, ಸ್ಟಾರ್ಟಿಂಗ ಕೆಟ್ಟೈತಿ. ಅದನ್ನ ತಿದ್ದಾಕ ಬರ್ತೈತಿ."

ತಿದ್ದುವ ಕ್ರಮವನ್ನೂ ಅವರೇ ವಿಧಿಸಿದರು. ಬೀಗರು ದಿನಾ ಸಂಜೆ ಈ ಮನೆಗೆ ಬರಬೇಕು, ಕಾಲು ತೊಳೆದು ಕೂರಬೇಕು, ಮೊದಲಿನಿಂದ ಒಂದೂ ಬಿಡದೆ ನೋಡಬೇಕು. ದಿನಕ್ಕೆ ಒಂದೇ. ಅರ್ಥ ಹೇಳುವಂತಿಲ್ಲ. ಎಂಬತ್ತಾರೂ ಮುಗಿದ ಮೇಲೆಯೇ ನಿಶ್ಚಿತಾರ್ಥದ ತಾರೀಖು. ಸಮಿತ್ ಬೆರಳು ಮಡಿಸಿ, ಅಷ್ಟರಲ್ಲಿ ಮುಹೂರ್ತದ ತಿಂಗಳುಗಳೆಲ್ಲ ಕಳೆದುಹೋಗುತ್ತವೆಂದು ಗೊಣಗಿದ. ಯಾರೂ ಕೇಳಿಸಿಕೊಳ್ಳಲಿಲ್ಲ, ಏಕೆಂದರೆ ಹೋಳಿಗೆ ಬಡಿಸುವುದಕ್ಕೆ ಶುರುವಾಗಿತ್ತು. ಗುರಮ್ಮ ಸಿಟ್ಟಿನಲ್ಲಿ ನಾಲ್ಕು ತಿಂದರು.

ಮರುದಿನದಿಂದ ವಸಂತಕುಮಾರರ ವನವಾಸ ಆರಂಭವಾಯಿತು. ಭಿವಂಡಿಯಲ್ಲಿ ಗೋದಾಮಿನ ಶಟರು ಇಳಿಯುತ್ತಿದ್ದಂತೆ ಶೇರ್ ರಿಕ್ಷಾದಲ್ಲಿ ಇನ್ನಿಬ್ಬರ ತೊಡೆಯ ನಡುವೆ ಸಿಕ್ಕಿಕೊಂಡು, ಹೊಂಡ ತಪ್ಪಿಸುತ್ತ ಕಲ್ಯಾಣಕ್ಕೆ ಬರುವುದು. ಬೀಗರ ಬಚ್ಚಲಲ್ಲಿ ಕಾಲು ತೊಳೆಯುವುದು. ಗುರಮ್ಮ ಕೊಟ್ಟ ಸಕ್ಕರೆಯಿಲ್ಲದ ಚಹಾ ಕುಡಿದು ಟಿವಿಯ ಮುಂದೆ ಕೂರುವುದು. ಮೊದಲ ಮೂರು ದಿನ ಅವರು ಗಡಿಯಾರ ನೋಡಿದರು. ಜಪಾನಿನವರ ಕಣ್ಣು ಇಷ್ಟು ದೊಡ್ಡದಿರುತ್ತದೆಯೇ ಎಂದು ಉಮಾವತಿಯ ಬಳಿ ದೂರಿದರು. ನರಿಯ ಕನಸಿಗೆ ತನ್ನಂಥ ವಯಸ್ಸಾದವನು ಸಾಕ್ಷಿಯಾಗಬೇಕೇ ಎಂದರು. ಉಮಾವತಿ, ಎರಡು ಸಲ ನೋಡಿದ್ದೇನೆ ಎಂದವರಿಗೆ ಇದು ಮೂರನೆಯದಲ್ಲವೇ, ಬಾಯಿಪಾಠ ಇರಬೇಕು ಎಂದರು. ಐದನೆಯ ದಿನ ಅವರು ದೂರಲಿಲ್ಲ. ಆರನೆಯ ದಿನ ಶನಿವಾರವಿತ್ತು. ಪಾರಾಯಣದಲ್ಲಿ ನಲವತ್ತು ನಿಮಿಷದ ಅರ್ಥ ಹದಿನೈದಕ್ಕೆ ಇಳಿದದ್ದನ್ನು ಕಂಡು ತಾರಾನಾಥರು ಕಂಗಾಲಾದರು. ಹೊರಡುವ ಗಡಿಬಿಡಿಯಲ್ಲಿ ವಸಂತಕುಮಾರರು ಮಂಗಳಕ್ಕೂ ನಿಲ್ಲಲಿಲ್ಲ.

ಹನ್ನೊಂದನೆಯ ದಿನ ಸಮಿತ್ ಕೂಡ ಕಲ್ಯಾಣಕ್ಕೆ ಬಂದಿದ್ದ. ಆ ಅಧ್ಯಾಯದಲ್ಲಿ ಹುಡುಗ ಹಸಿವಿನಿಂದ ದಾರಿಯಲ್ಲಿ ಬಿದ್ದಿರುತ್ತಾನೆ. ಎದೆಯ ಮೇಲೆ ಬುತ್ತಿ ಇದೆ, ಬಿಚ್ಚುವುದಿಲ್ಲ. ಕೊಡೆ ಮಾರುವ ಮುದುಕಿಯೊಬ್ಬಳು ತನ್ನ ಪಾಲಿನ ಗೆಣಸನ್ನು ಅವನ ಬಾಯಿಗಿಟ್ಟು, ಉಳಿದ ಒಂದೇ ಕೊಡೆಯನ್ನು ಅವನ ಮೇಲೆ ಬಿಚ್ಚಿಟ್ಟು, ತಾನು ಕೊಡೆಯಿಲ್ಲದೆ ಮಳೆಯಲ್ಲಿ ನಡೆದು ಹೋಗುತ್ತಾಳೆ. ಹಜಾರದಲ್ಲಿ ಏನೋ ಸದ್ದಾಯಿತು. ಎಲ್ಲರೂ ತಿರುಗಿ ನೋಡಿದರೆ ವಸಂತಕುಮಾರರು ಕನ್ನಡಕ ತೆಗೆದು, ಅಂಗಿಯ ತುದಿಯಿಂದ ಮುಖ ಒರೆಸಿಕೊಳ್ಳುತ್ತಿದ್ದರು. ಭುಜ ಅಲುಗುತ್ತಿತ್ತು.

"ಅಳಬ್ಯಾಡ್ರಿ ಬೀಗರ," ಎಂದರು ಬಸವಣ್ಣೆವ್ವ. "ನರಿ ಕನಸು ಅದು."

"ಗೊತ್ತುಂಟು ಮಾರಾಯ್ರೆ. ನೀವು ಸ್ವಲ್ಪ ಸುಮ್ಮನೆ ಕೂತುಕೊಳ್ಳಿ, ಕೇಳುವುದಿಲ್ಲ."

ಆ ಮನೆಯಲ್ಲಿ ಬಸವಣ್ಣೆವ್ವನವರಿಗೆ ಸುಮ್ಮನಿರಿ ಎಂದವರು ಅದುವರೆಗೆ ಯಾರೂ ಇರಲಿಲ್ಲ. ಗುರುಪಾದಪ್ಪ ಹೆದರಿ ಎದ್ದೇ ನಿಂತರು. ಬಸವಣ್ಣೆವ್ವ ರಿಮೋಟು ತೆಗೆದುಕೊಂಡು ಸದ್ದು ಹೆಚ್ಚಿಸಿದರು. ಅಧ್ಯಾಯ ಮುಗಿದ ಮೇಲೆ ಗಂಡನನ್ನು ಕರೆದು, ಪಂಚಾಂಗ ತೆಗೆಯಿರಿ, ಹತ್ತಿರದ ಒಳ್ಳೆಯ ದಿನ ನೋಡಿರಿ ಎಂದರು. ಇಂಥವರ ಮನೆಗೆ ಕಳಿಸಿದರೆ ತಮ್ಮ ಮಗಳು ಅಳುವಾಗ ಜೊತೆಗೆ ಅಳುವವರಾದರೂ ಒಬ್ಬರಿರುತ್ತಾರೆ ಎಂದರು. ಗುರಮ್ಮ ಒಳಗೆ ಹೋಗಿ ತಮ್ಮ ಟ್ರಂಕು ಎಳೆಯುವ ಸದ್ದು ಹೊರಗೆ ಕೇಳಿಸಿತು. ಸಮಿತ್ ಮತ್ತು ಸ್ನೇಹಲ್ ಹಿರಿಯರ ಮುಂದೆ ಏನು ಮಾಡುವುದೆಂದು ತಿಳಿಯದೆ ಒಬ್ಬರಿಗೊಬ್ಬರು ಕೈಕುಲುಕಿದರು.

ಬಸವಣ್ಣೆವ್ವ ದೊಡ್ಡ ಮನಸ್ಸಿನಿಂದ ವಸಂತಕುಮಾರರಿಗೂ ಬಿಡುಗಡೆ ಘೋಷಿಸಿದರು. ನಿಮ್ಮ ಶಿಕ್ಷೆ ಮುಗಿಯಿತು, ಉಳಿದ ಎಪ್ಪತ್ತೈದು ನೋಡುವ ಅಗತ್ಯವಿಲ್ಲ, ಹೇಗೂ ಅದರ ಕೊನೆ ನಮಗೆಲ್ಲ ಗೊತ್ತೇ ಇದೆ, ನಾಳೆಯಿಂದ ಭಿವಂಡಿಯಿಂದ ನೆಟ್ಟಗೆ ಮನೆಗೆ ಹೋಗಿರಿ ಎಂದರು.

ವಸಂತಕುಮಾರರಿಗೆ ಅದು ಕೇಳಿಸಿದಂತೆ ಕಾಣಲಿಲ್ಲ. ಅವರು ಒದ್ದೆ ಕನ್ನಡಕವನ್ನು ಮೂಗಿಗೇರಿಸಿ ಕಪ್ಪು ಟಿವಿಯನ್ನೇ ನೋಡುತ್ತಿದ್ದರು.

"ಆ ಮುದುಕಿ ಮಳೆಯಲ್ಲಿ ಎಲ್ಲಿಗೆ ಹೋದಳು?" ಎಂದರು. "ನಾಳೆ ನಾನು ಬರುವ ಮೊದಲು ನೀವು ಯಾರೂ ಹಾಕಬಾರದು."